ಹಸಿರು ಹಲಗೆಯ ಗಾಜು

"ಗೆರೆ ದಾಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕಾ ಬೇವರ್ಸಿ? ಅಲ್ಲೇ ನಿಲ್ಲು, ಕಜ್ಜಿ ನಾಯಿ!"

ಉಗ್ಗಪ್ಪ ನೆಲದ ಹಳದಿ ಗೆರೆಯ ಆಚೆ ನಿಂತ. ಈಚೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತವನು ಮ್ಯಾನೇಜರ್ ಅಕ್ಷಯ್. ಸೌದಿಯ ದಮ್ಮಾಮಿನ ಆ ಶೆಡ್ಡಿನಲ್ಲಿ ಹಲಗೆ ಕತ್ತರಿಸುವ ಮೆಶಿನ್ ಈಗಷ್ಟೇ ನಿಂತಿತ್ತು. ಉಗ್ಗಪ್ಪನ ಕೂದಲು, ಹುಬ್ಬು, ಅಂಗಿ ಎಲ್ಲ ಬೂದು ಧೂಳಿನಲ್ಲಿ ಮುಳುಗಿದ್ದವು. ಮೊಣಕೈಯಿಂದ ಕೆಳಗೆ ಚರ್ಮ ಕೆಂಪಾಗಿ ಬಿರಿದು ನೀರು ಒಸರುತ್ತಿತ್ತು.

"ಇದು ಕಜ್ಜಿ ಅಲ್ಲ ಸರ್. ಗಾಜಿನದ್ದು. ನಿಮಗೂ ಗೊತ್ತುಂಟಲ್ಲ."

"ಯಾವ ಗಾಜು? ನಮ್ಮದು ನ್ಯಾಚುರಲ್ ಪ್ಯಾನೆಲ್. ಇನ್ನೊಂದು ಸಲ ಗಾಜು ಗೀಜು ಅಂದ್ರೆ ಹಲ್ಲು ಉದುರಿಸ್ತೇನೆ."

ಪ್ಯಾನೆಲ್ಲಿನ ನಡುವೆ ಇದ್ದದ್ದು ಖರ್ಜೂರದ ಮರದ ನಾರು. ಅದನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಒಣಗಿಸಿ, ಚಾಪೆಯ ಹಾಗೆ ಒತ್ತುತ್ತಿದ್ದರು. ಅದೊಂದೇ ಆದರೆ ತೇವ ಹೀರಿ ಉಬ್ಬಿ ಸೊಟ್ಟಗಾಗುತ್ತದೆ. ಹಾಗಾಗಿ ಮೇಲೊಂದು ಕೆಳಗೊಂದು ಗಾಜಿನ ನಾರಿನ ಹಾಸು ಹಾಕಿ, ಅಂಟು ಸುರಿದು, ರೋಲರ್ ಎಳೆಯುತ್ತಿದ್ದರು. ಕಂಪೆನಿಯ ಬ್ರೋಶರಿನಲ್ಲಿ ಮಾತ್ರ ಖರ್ಜೂರದ ಮರವೊಂದೇ ಇತ್ತು, ಗೊನೆ ಸಮೇತ. ಹಿಂದೆ ಬರೀ ಫೈಬರಿನ ನೀರಿನ ಟ್ಯಾಂಕಿ ಮಾಡುವಾಗ ಕೈಗವಸು, ಮಾಸ್ಕು ಕೊಡುತ್ತಿದ್ದರು. ಪರಿಸರಸ್ನೇಹಿ ಎಂಬ ಈ ಹಸಿರು ಪ್ಯಾನೆಲ್ ಶುರುವಾದ ಮೇಲೆ ಅಕ್ಷಯ್ ಅದನ್ನು ನಿಲ್ಲಿಸಿದ್ದ. ನೋಡಲು ಬರುವವರು ಫೋಟೋ ತೆಗೆಯುತ್ತಾರೆ. ಫೋಟೋದಲ್ಲಿ ಕೈಗವಸು ಕಂಡರೆ ನ್ಯಾಚುರಲ್ ಎಂದು ಯಾರು ನಂಬುತ್ತಾರೆ?

ಹಿಂದಿನ ವಾರ ಮಕ್ಕಾದ ಹೊಸ ಹೋಟೆಲೊಂದರ ಪರವಾಗಿ ಝಿಯಾದ್ ಎಂಬವನು ಪ್ಯಾನೆಲ್ ನೋಡಲು ಬಂದಿದ್ದ. ಕತ್ತರಿಸಿದ ಅಂಚಿನ ಮೇಲೆ ಪ್ರೀತಿಯಿಂದ ಕೈಯಾಡಿಸಿ ಹೋಗಿದ್ದ. ಆ ಕೈ ರಾತ್ರಿಯಿಡೀ ತುರಿಸಿತಂತೆ. ದೂರು ಬಂತು. ಪ್ಯಾನೆಲ್ಲಿನಲ್ಲಿ ಏನೂ ಇಲ್ಲ, ಅದನ್ನು ಮುಟ್ಟಿದ ಕೆಲಸದವನಿಗೆ ಕಜ್ಜಿ ಇದೆ, ಅವನನ್ನು ಊರಿಗೆ ಅಟ್ಟುತ್ತಿದ್ದೇವೆ ಎಂದು ಅಕ್ಷಯ್ ಉತ್ತರ ಕೊಟ್ಟ. ಹಾಗಾದರೆ ಆ ಮನುಷ್ಯನನ್ನು ತೋರಿಸು ಎಂದು ಝಿಯಾದ್ ಇವತ್ತು ಮತ್ತೆ ಬರುವವನಿದ್ದ.

"ಕೇಳಿಲ್ಲಿ. ಅವರೆದುರು ನಾನು 'ಜರಬ್' ಅಂತೇನೆ. ಅರಬಿಯಲ್ಲಿ ಕಜ್ಜಿಗೆ ಹಾಗೆ ಹೇಳುದು. ನೀನು ತಲೆ ಆಡಿಸು, ಅಷ್ಟೇ. ಕಾಗದದಲ್ಲಿ ಎಂತದ್ದೂ ಬರೀಲಿಕ್ಕಿಲ್ಲ. ಕ್ಲೀನಾಗಿ ಎಕ್ಸಿಟ್ ವೀಸಾ ಹೊಡೆಸಿ ಕಳಿಸ್ತೇನೆ, ಕತಾರಿಗೆ ಬೇಕಾದ್ರೂ ಹೋಗು."

"ತಲೆ ಆಡಿಸದಿದ್ರೆ?"

"ಕೆಲಸ ಬಿಟ್ಟು ಓಡಿಹೋದವ ಅಂತ ಹುರೂಬ್ ಕೇಸು ಹಾಕಿಸ್ತೇನೆ. ಜೈಲಲ್ಲಿ ಕೂತು ತುರಿಸ್ಕೊ. ಮತ್ತೆ ನಿನ್ನ ಮಗಳು ಮೋನಿಷಾ ನರ್ಸಿಂಗ್ ಅಲ್ವಾ ಓದುದು? ಫೀಸು ಯಾರು ಕಟ್ತಾರೆ?" ಅಕ್ಷಯ್ ಹೊರಟವನು ತಿರುಗಿದ. "ಸ್ನಾನ ಮಾಡ್ಬೇಡ. ಹೀಗೇ ಬಾ. ನೋಡಿದ ಕೂಡ್ಲೇ ಅಸಹ್ಯ ಆಗ್ಬೇಕು."

ಅಕ್ಷಯನ ಅಜ್ಜನ ಅಂಗಳದಲ್ಲಿ ಉಗ್ಗಪ್ಪನ ಅಪ್ಪ ತೆಂಗಿನ ಗೆರಟೆಯಲ್ಲಿ ಗಂಜಿ ಕುಡಿದವನು. ವಿಮಾನ ಹತ್ತಿದ ಮೇಲೆ ಅದೆಲ್ಲ ಮುಗಿಯಿತು ಎಂದು ಉಗ್ಗಪ್ಪ ತಿಳಿದಿದ್ದ. ಕಜ್ಜಿಯ ಮಾತು ಹಬ್ಬಿದ ಮೇಲೆ ಥುಕ್ಬಾದಲ್ಲಿದ್ದ ಕೆಲಸದವರ ರೂಮಿನಲ್ಲಿ ಅವನ ಹಾಸಿಗೆ ಕಕ್ಕಸಿನ ಬಾಗಿಲಿಗೆ ಬಂದಿತ್ತು. ಅವನ ಬಟ್ಟೆ ವಾಶಿಂಗ್ ಮೆಶಿನ್ನಿಗೆ ಬೀಳುವಂತಿರಲಿಲ್ಲ. ಅಡುಗೆಯವನು ಬಟ್ಟಲನ್ನು ಕಾಲಿನಲ್ಲಿ ತಳ್ಳುತ್ತಿದ್ದ. ರೂಮಿನವರೆಲ್ಲ ಅದೇ ಶೆಡ್ಡಿನವರು; ಎಲ್ಲರೂ ತುರಿಸಿಕೊಳ್ಳುವವರೇ. ಆದರೂ ಒಬ್ಬನಿಗೆ ಆ ಹೆಸರು ಬಿದ್ದದ್ದು ಉಳಿದವರಿಗೆ ಅನುಕೂಲವಾಗಿತ್ತು.

ನಳ್ಳಿಯ ಹತ್ತಿರ ಹಸನ್ ಕುಂಞಿ ಸಿಕ್ಕಿದ. ಉಪ್ಪಿನಂಗಡಿಯವನು, ಪಕ್ಕದ ಮೇಜಿನಲ್ಲಿ ರೋಲರ್ ಎಳೆಯುವವನು. ಮೊನ್ನೆಯಿಂದ ಅವನೂ ತನ್ನ ಬಟ್ಟಲನ್ನು ದೂರ ಇಡುತ್ತಿದ್ದ.

"ತಲೆ ಆಡಿಸಿ ಹೋಗಿಬಿಡಿ ಉಗ್ಗಣ್ಣ. ಬಾಯಲ್ಲಿ ಹೇಳಿದ್ದಕ್ಕೆ ಮೈಗೆ ಎಂತ ಆಗ್ತದೆ?"

"ನಿನಗೆ ಹೇಳಿದ್ರೆ ನೀನು ಆಡಿಸ್ತೀಯಾ?"

ಹಸನ್ ಕುಂಞಿ ಕೊರಳು ಕೆರೆದುಕೊಂಡ. "ಸುಮ್ನಿರಿ ಮಾರಾಯ್ರೆ," ಎಂದು ನಳ್ಳಿ ತಿರುಗಿಸಿದ.

ಮಧ್ಯಾಹ್ನದ ಮೇಲೆ ಝಿಯಾದ್ ಬಂದ. ಪಾದ ಮುಟ್ಟುವ ಗರಿಗರಿ ಬಿಳಿ ತೋಬು, ಅತ್ತರಿನ ಘಮ. ಅಕ್ಷಯ್ ಓಡಿಹೋಗಿ ಅವನನ್ನು ತಬ್ಬಿ, ಇಲ್ಲಿನವರಂತೆಯೇ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿನ ಸದ್ದು ಮಾಡಿದ. ಆಮೇಲೆ ಚಪ್ಪಾಳೆ ತಟ್ಟಿ ಕರೆದ.

ಉಗ್ಗಪ್ಪ ಬಂದು ನಿಂತ. ಝಿಯಾದ್ ಅವನ ಕೈ ನೋಡಿ ಮುಖ ಕಿವುಚಿದ.

"ಜರಬ್," ಎಂದ ಅಕ್ಷಯ್. ತನ್ನ ಹರಕು ಅರಬಿಯಲ್ಲಿ ಮುಂದುವರಿಸಿದ. "ಇವರ ಜಾತಿಯೇ ಹೀಗೆ. ನೀರು ಮುಟ್ಟುವುದಿಲ್ಲ. ನಮ್ಮ ಊರಿನಲ್ಲಿ ಇವರನ್ನು ಮನೆಯೊಳಗೆ ಸೇರಿಸುವುದಿಲ್ಲ. ಇಲ್ಲಿ ಪಾಪ ಎಂದು ಸೇರಿಸಿದ್ದು ನನ್ನ ತಪ್ಪು." ಉಗ್ಗಪ್ಪನ ಕಡೆ ತಿರುಗಿ, "ಹೌದಾ ಅಲ್ವಾ? ತಲೆ ಆಡಿಸಾ," ಎಂದ.

ಉಗ್ಗಪ್ಪನಿಗೆ ಅಷ್ಟು ಅರಬಿ ಚೆನ್ನಾಗಿಯೇ ಬರುತ್ತಿತ್ತು. ಅವನು ತಲೆ ಆಡಿಸಲಿಲ್ಲ. ಎರಡು ಹೆಜ್ಜೆ ಮುಂದೆ ಬಂದ.

"ಬನ್ನಿ ಧಣಿ," ಎಂದು ಎರಡೂ ಕೈ ಚಾಚಿ ಅಕ್ಷಯನನ್ನು ತಬ್ಬಿದ.

ಬಲಗೆನ್ನೆಗೆ ಕೆನ್ನೆ ಒತ್ತಿ ಉಜ್ಜಿದ. ಎಡಗೆನ್ನೆಗೆ ಉಜ್ಜಿದ. ಮತ್ತೆ ಬಲಕ್ಕೆ. ಧೂಳು ಮೆತ್ತಿದ ಅಂಗೈಯನ್ನು ಕಾಲರಿನೊಳಗೆ ತೂರಿಸಿ, ಬೆವರಿದ ಕುತ್ತಿಗೆಯ ಮೇಲೆ ಮಗುವನ್ನು ಸವರುವಂತೆ ಸವರಿದ. ಅಕ್ಷಯ್ ಒದ್ದಾಡಿದ. ಉಗ್ಗಪ್ಪನದು ಹಲಗೆ ಎತ್ತಿ ಗಟ್ಟಿಯಾದ ತೋಳು, ಬಿಡಲಿಲ್ಲ. ಸಾಕೆನಿಸಿದಾಗ ಅವನೇ ಬಿಟ್ಟು ಹಿಂದೆ ಸರಿದ.

ಅಕ್ಷಯ್ ನಗಲು ನೋಡಿದ. ಕೈ ಕುತ್ತಿಗೆಗೆ ಹೋಯಿತು, ಇಳಿಯಿತು, ಮತ್ತೆ ಹೋಯಿತು. ಆಮೇಲೆ ಎರಡೂ ಕೈಯಲ್ಲಿ ಕೆರೆದುಕೊಳ್ಳತೊಡಗಿದ. ಝಿಯಾದ್ ಹಿಂದಿನ ವಾರ ತುರಿಸಿದ ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಮೇಜಿನ ಮೇಲಿದ್ದ ಪ್ಯಾನೆಲ್ ತುಂಡೊಂದನ್ನು ಕಾಗದದಲ್ಲಿ ಹಿಡಿದೆತ್ತಿ, ಅಂಚನ್ನು ಬೆಳಕಿಗೆ ಒಡ್ಡಿದ. ಸೂಜಿಮೊನೆಯಂಥ ಮಿಣುಕು.

"ಗಾಜು," ಎಂದ.

ಶೆಡ್ಡಿನಲ್ಲಿ ಎಲ್ಲರ ಕೈ ನಿಂತಿತ್ತು. ಝಿಯಾದ್ ತುಂಡನ್ನು ಕೆಳಗಿಟ್ಟು ಕಾಗದ ಮುದುಡಿದ.

"ಸೀಲಿಂಗಿಗೆ ತಾನೇ? ಅಲ್ಲಿ ಹತ್ತಿ ಯಾರು ಮುಟ್ಟುತ್ತಾರೆ? ಬೆಲೆ ಇಳಿಸು. ಹೆಸರು ಖರ್ಜೂರದ್ದೇ ಇರಲಿ."

ಅಕ್ಷಯನಿಗೆ ಹೋದ ಜೀವ ಬಂತು. ಶುಕ್ರನ್, ಶುಕ್ರನ್ ಎಂದು ಉಪಕಾರ ಹೇಳುತ್ತ ಕೈ ಚಾಚಿದ. ಝಿಯಾದ್ ತನ್ನ ಕೈಯನ್ನು ಎದೆಯ ಮೇಲಿಟ್ಟುಕೊಂಡು, ನಯವಾಗಿ ಒಂದು ಹೆಜ್ಜೆ ಹಿಂದೆ ಹೋಗಿ, ಕಾರಿನ ಕಡೆ ನಡೆದ.

ಕಾರು ಗೇಟು ದಾಟುವವರೆಗೆ ಅಕ್ಷಯ್ ತಡೆದುಕೊಂಡ.

"ಬೋಳಿಮಗನೇ! ಹಿಡೀರಿ ಇವನನ್ನು! ಹಸನ್, ಎಂತ ನೋಡ್ತೀಯಾ, ಎಳೆದು ಹೊರಗೆ ಹಾಕಾ! ಹುರೂಬ್ ಇವತ್ತೇ!"

ಹಸನ್ ಕುಂಞಿ ರೋಲರನ್ನು ಮೇಜಿನ ಮೇಲಿಟ್ಟ. ಕೈ ಕಟ್ಟಿಕೊಂಡ.

"ಕಜ್ಜಿ ಅಲ್ವಾ ಸರ್ ಅವರಿಗೆ? ಮುಟ್ಲಿಕ್ಕೆ ಆಗ್ತದಾ?"

"ಏನಂದೆ?"

"ನೀವೇ ಹೇಳಿದ್ದಲ್ವಾ. ನಮಗೂ ಅಂಟಿದ್ರೆ ನಿಮಗೇ ಕಷ್ಟ. ಪ್ಯಾನೆಲ್ ಮಾಡ್ಲಿಕ್ಕೆ ಜನ ಎಲ್ಲಿಂದ ತರ್ತೀರಿ?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಒಬ್ಬೊಬ್ಬರೇ ಮೇಜು ಬಿಟ್ಟು ಬಂದು ಸುಮ್ಮನೆ ನಿಂತರು. ಯಾರೂ ಕೈ ಎತ್ತಲಿಲ್ಲ.

ಅಕ್ಷಯ್ ತಾನೇ ಮುಂದೆ ಬಂದ. ಚಾಚಿದ ಕೈ ಉಗ್ಗಪ್ಪನ ಎದೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಉಗ್ಗಪ್ಪ ಅಲುಗಲಿಲ್ಲ. ಆ ಕೈ ಮೆಲ್ಲಗೆ ಹಿಂದೆ ತಿರುಗಿ ಅಕ್ಷಯನದೇ ಕುತ್ತಿಗೆಯನ್ನು ಪರಚತೊಡಗಿತು. ಬಿಳಿ ಕಾಲರಿಗೆ ರಕ್ತ ಹತ್ತಿದರೂ ನಿಲ್ಲಲಿಲ್ಲ.