ಹುಲಿಬಂಡೆ ಏರಿನ ಕೊರಡು

ಮತ್ತೆ ಅದೇ ವಾಸನೆ, ಅರೆಬೆಂದ ಇದ್ದಲಿನ ವಾಸನೆ, ಬಸ್ಸಿನ ಬೆನ್ನಿಗೆ ಕಟ್ಟಿದ ಗ್ಯಾಸಿನ ಡ್ರಮ್ಮಿನಿಂದ ಹಿಂಬಾಗಿಲೊಳಕ್ಕೆ ನುಗ್ಗಿ ಕಂಡಕ್ಟರ್ ಯತ್ತಪ್ಪನ ಗಂಟಲಲ್ಲಿ ಕೂತುಬಿಟ್ಟಿತು, ಯುದ್ಧ ಶುರುವಾದ ಮೇಲೆ ಪೆಟ್ರೋಲು ಕಂಡವರಾರು, ಇದ್ದಲ ಹೊಗೆ ಕುಡಿದು ಓಡುವ ಈ ಬಸ್ಸಿಗೆ ಮಧುಗಿರಿಯ ಪೇಟೆ ಬೀದಿಯಲ್ಲೇ ಏದುಸಿರು, ಇನ್ನು ಪಾವಗಡದ ದಾರಿಯ ಹುಲಿಬಂಡೆ ಏರಿನಲ್ಲಿ ಕೇಳಬೇಕೇ — ಟಿಣ್, ಅದೋ ಮತ್ತೆ, ಹಿಂದಿನ ಸೀಟಿನ ಕೆಳಗೆ ಖಾಲಿ ಕೊಕ್ಕೆ ತಗಡಿಗೆ ತಗುಲುವ ಸದ್ದು, ಇಷ್ಟು ದಿನ ಈ ಸದ್ದು ಇರಲಿಲ್ಲ, ಆ ಕೊಕ್ಕೆಯಲ್ಲಿ ಕೊರಡು ತೂಗುತ್ತಿತ್ತು, ಮೊಳದುದ್ದದ ಜಾಲಿ ಕೊರಡು, ಒಂದು ಮಗ್ಗುಲು ಇಳಿಜಾರಾಗಿ ಕೆತ್ತಿದ್ದು, ಆ ಇಳಿಜಾರಿನ ಮೇಲೆ ಚಕ್ರ ಹತ್ತಿ ಹತ್ತಿ ಬಿದ್ದ ನಾಲ್ಕು ಬೆರಳಗಲದ ಕಪ್ಪು ಪಟ್ಟೆ. ಬಸ್ಸು ಏರಿನಲ್ಲಿ ಸೋತು ಹಿಂದಕ್ಕೆ ಜಾರಿದರೆ, ಹಿಂದೆ ನಡೆದು ಬರುವವನು ಅದನ್ನು ಚಕ್ರಕ್ಕೆ ಕೊಡಬೇಕು, ಬಸ್ಸು ಅದಕ್ಕೆ ಒರಗಿ ನಿಂತು ಸುಧಾರಿಸಿಕೊಂಡು ಮತ್ತೆ ಹತ್ತು ಮಾರು ಏರುತ್ತದೆ, ಬ್ರೇಕನ್ನು ನಂಬಿ ಈ ದಾರಿಗೆ ಬಂದವರು ಯಾರೂ ಇಲ್ಲ, ಎಲ್ಲರ ಜೀವವೂ ಆ ಮೊಳದುದ್ದದ ಮರದ ಮೇಲೆ. ಅದು ಈಗ ಮನೆಯಲ್ಲಿದೆ. ಒಲೆಯ ಮುಂದೆ. ಬೆಳಗ್ಗೆ ಹೊರಡುವಾಗ ಹೆಂಡತಿ ಕೊಲ್ಲಾಪುರಮ್ಮ ಅದರ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಇದ್ಯಾಕೆ ಬುಟ್ಟೋಯ್ತಾ ಇದೀಯ ಅಂದಳು, ಇರ್ಲಿ ಬುಡು, ಇವತ್ತು ಬ್ಯಾಡ ಅಂದ, ಅವಳು ಎದ್ದು ಮಡಿಲಿನ ಸಿಪ್ಪೆ ಕೊಡವಿದಾಗ ಆ ಕಪ್ಪು ಪಟ್ಟೆ ಒಂದು ಕ್ಷಣ ಕಂಡಿತು, ಮತ್ತೆ ಅವಳು ಕೂತಳು.

ಬ್ಯಾಡ ಅನ್ನುವ ಅದೇ ಮಾತು ಕಾರ್ತೀಕದ ಆ ಸೋಮವಾರ ಬಾಯಿಗೆ ಬಂದಿದ್ದರೆ ಬೋರಣ್ಣ ಇವತ್ತು ಇಲ್ಲೇ, ಈ ಮೆಟ್ಟಿಲ ಮೇಲೆ, ಎಲೆಯಡಿಕೆ ಜಗಿಯುತ್ತ ನಿಂತಿರುತ್ತಿದ್ದ, ಆಗ ಬಸ್ಸಿನ ಹಿಂದೆ ಇಬ್ಬರು, ಯತ್ತಪ್ಪನದು ಟಿಕೇಟು, ಬೋರಣ್ಣನದು ಕೊರಡು, ಹಳೆಯ ಕೊರಡು ಸೀಳಿ ಎರಡಾದಾಗ ಬಸ್ಸಿನ ಯಜಮಾನ ಚನ್ನಮಲ್ಲಯ್ಯನವರು ಗಡಿಯಾರದ ಸರಪಳಿಯನ್ನು ಬೆರಳಿಗೆ ಸುತ್ತುತ್ತ, ಹೊಸದು ಯಾಕೆ, ಈ ಸೀಮೇಲಿ ಕಲ್ಲಿಗೇನಯ್ಯ ಬರ ಅಂದರು, ಎಲ್ಲರೂ ನಕ್ಕರು, ಯತ್ತಪ್ಪನೂ ನಕ್ಕ, ಥೂ, ಆ ನಗು ಈಗಲೂ ಹಲ್ಲುಸಂದಿಯಲ್ಲಿ ಸಿಕ್ಕಿಕೊಂಡ ಹಾಗಿದೆ. ಏರಿನ ಬುಡದಲ್ಲಿ ಬೋರಣ್ಣ ಕೈಯಲ್ಲಿ ಕಲ್ಲು ಹಿಡಿದು, ಇದು ಗುಂಡಗೈತೆ ಕಣ್ಲಾ ಯತ್ತ, ಬ್ಯಾರೆ ನೋಡ್ತೀನಿ ತಡಿ ಅಂದ, ತಡಿ ಅಂದದ್ದು ಕೇಳಿಸಿತು, ಕೇಳಿಸಲಿಲ್ಲ ಅಂತ ದೇವರ ಮುಂದೆ ಹೇಳುವ ಹಾಗಿಲ್ಲ, ಹೊತ್ತಾಯ್ತು ಕಣ್ಲಾ ಅಂತ ಇವನೇ ಹಿಂದಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದ, ಧಬ್ ಧಬ್, ಅಷ್ಟೇ. ಗ್ಯಾಸಿನ ಡ್ರಮ್ಮು ಅಡ್ಡ ನಿಂತು ಡ್ರೈವರನಿಗೆ ಹಿಂದಿನದೇನೂ ಕಾಣುವುದಿಲ್ಲ, ಹಾಗಾಗಿ ಆ ಎರಡು ಬಡಿತವೇ ಮಾತು, ಇಳಿದು ನಿಂತಿದ್ದೇನೆ, ತಡೆಯುವುದಕ್ಕೆ ಕೈಲಿದೆ, ಹೊರಡು ಅಂತ, ಬಡಿತ ಬೀಳದಿದ್ದರೆ ಡ್ರೈವರ್ ವೀರಭದ್ರಯ್ಯ ಸಂಜೆಯವರೆಗೂ ಬುಡದಲ್ಲೇ ಕಾಯುತ್ತಾನೆ, ಬಿತ್ತೋ ಮತ್ತೆ ಹಿಂದೆ ತಿರುಗಿ ಕೇಳುವುದಿಲ್ಲ. ಕೇಳಲಿಲ್ಲ. ಬಸ್ಸು ಏರಿತು, ಸೋತಿತು, ಜಾರಿತು, ಬೋರಣ್ಣ ಕಲ್ಲು ಕೊಟ್ಟ, ಕಲ್ಲು ಉರುಳಿತು, ಅವನ ಕೈ ಇನ್ನೂ ಕಲ್ಲಿನ ಮೇಲೇ ಇತ್ತು. ಬಸ್ಸು ಹಿಂದಿನ ಬಂಡೆಗೆ ಆತುಕೊಂಡು ನಿಂತಿತು, ಒಳಗಿದ್ದವರಿಗೆ ಅಲ್ಲಲ್ಲಿ ತರಚಿತು, ಯತ್ತಪ್ಪ ಟಿಕೇಟಿನ ಚೀಲ ಹಿಡಿದುಕೊಂಡು ನಿಂತೇ ಇದ್ದ.

ಟಿಣ್. ಸತ್ತವನ ಜಾಗಕ್ಕೆ ಇನ್ನೊಬ್ಬನನ್ನು ಕೊಡಿ ಅಂದರೆ ಯಜಮಾನರು, ಟಿಕೇಟಿನವನಿಗೆ ಎರಡು ಕೈ ಇಲ್ವಾ ಅಂದರು, ಇದ್ದವು, ಇವನೇ ಜಾಲಿ ಕಡಿದು ಹೊಸ ಕೊರಡು ಕೆತ್ತಿಕೊಂಡು, ಕೊರಳಿಗೆ ಚೀಲ, ಕಂಕುಳಲ್ಲಿ ಕೊರಡು, ಹಾಗೇ ಒಂದು ತಿಂಗಳು ಏರಿನಲ್ಲಿ ಬಸ್ಸಿನ ಹಿಂದೆ ಓಡಿದ, ಓಡುವಾಗೆಲ್ಲ ಪಕ್ಕದಲ್ಲಿ ಇನ್ನೊಬ್ಬನ ಹೆಜ್ಜೆ ಕೇಳಿಸುತ್ತಿತ್ತು, ತಿರುಗಿ ನೋಡಿದರೆ ಹೊಗೆ. ಕೊನೆಗೆ ಯಜಮಾನರ ಬೇರೆ ಬಸ್ಸುಗಳ ಕೆಲಸದವರೂ, ಶಿರಾ ದಾರಿಯವರು, ಕೊರಟಗೆರೆ ದಾರಿಯವರು, ಎಲ್ಲ ಹನ್ನೆರಡು ಜನವೂ ಬೋರಣ್ಣನ ಅಂಗಳದಲ್ಲಿ ಸೇರಿದರು, ಅವನ ಹೆಂಡತಿ ಕೆಂಪಕ್ಕನ ಮುಂದೆ ಕೊರಡು ಇಟ್ಟು ಒಬ್ಬೊಬ್ಬರೂ ಮುಟ್ಟಿದರು, ಕೊರಡಿಗೆ ಬ್ಯಾರೆ ಆಳು ಕೊಡೋಗಂಟ ನಾವ್ಯಾರೂ ಚಕ್ರಕ್ಕೆ ಕೊರಡು ಕೊಡಾಕಿಲ್ಲ, ಬೋರಣ್ಣನ ಆಣೆ, ಯತ್ತಪ್ಪ ಕೊನೆಗೆ ಮುಟ್ಟಿದ, ಮುಟ್ಟಿದ ಬೆರಳಿಗೆ ಕಪ್ಪು ಮೆತ್ತಿತು. ಎಂಟು ದಿನ ಬಸ್ಸುಗಳು ನಿಂತವು. ಒಂಬತ್ತನೇ ದಿನ ಕೋರ್ಟು, ನೆಲ ಸಾರಿಸಿದ ವಾಸನೆ, ಮೇಲೆ ಪಂಕಾ, ಮ್ಯಾಜಿಸ್ಟ್ರೇಟರು ಮುಖ ಎತ್ತದೆ ಓದಿದರು, ಯುದ್ಧಕಾಲ, ಟಪಾಲು ಹೋಗುವ ಬಸ್ಸು, ತಕರಾರು ರಾಜಿ ಮಂಡಲಿಯ ಮುಂದಿರುವುದರಿಂದ ಅದು ತೀರ್ಮಾನವಾಗುವವರೆಗೆ ಮುಷ್ಕರ ಕಾನೂನಿಗೆ ವಿರುದ್ಧ, ಕೆಲಸಕ್ಕೆ ಬಾರದವನಿಗೆ ಮೂರು ತಿಂಗಳ ಸಜಾ. ವೀರಭದ್ರಯ್ಯ ಟೋಪಿ ಕೈಲಿ ಹಿಡಿದು, ಮಹಾಸ್ವಾಮಿ, ಏರಿನಾಗೆ ಬಸ್ಸು ಹಿಂದಕ್ಕೆ ಬಂದ್ರೆ ಅಂದ. ಅದು ರಾಜಿ ಮಂಡಲಿಯ ವಿಷಯ ಅಂದರು, ಮುಂದಿನ ಕೇಸು ಕೂಗಿದರು. ಏರು ಯಾವ ಮಂಡಲಿಯನ್ನು ಕಾಯುತ್ತದೆ, ಸ್ವಾಮಿ, ಅಂತ ಕೇಳಬೇಕೆನ್ನಿಸಿತು ಯತ್ತಪ್ಪನಿಗೆ, ಹನ್ನೆರಡು ಜನವೂ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿ ಹೊರಗೆ ಬಂದರು.

ಆದರೆ ಮುಚ್ಚಳಿಕೆಯಲ್ಲಿ ಇದ್ದದ್ದು ಕೆಲಸಕ್ಕೆ ಹಾಜರಾಗುತ್ತೇವೆ ಅಂತ, ಕೊರಡಿನ ಹೆಸರು ಅದರಲ್ಲಿ ಎಲ್ಲಿತ್ತು, ಆಣೆಯಲ್ಲಿ ಇದ್ದದ್ದು ಕೊರಡು ಕೊಡುವುದಿಲ್ಲ ಅಂತ, ಅದರಲ್ಲಿ ಬಸ್ಸಿನ ಹೆಸರಿರಲಿಲ್ಲ — ರಾತ್ರಿಯೆಲ್ಲ ಇದನ್ನು ಹೊರಳಿಸಿ ಹೊರಳಿಸಿ ನೋಡಿದ, ಎಂಥ ತಲೆ ಕಣ್ಲಾ ನಿಂದು ಯತ್ತ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡ, ಬಸ್ಸು ಹತ್ತುತ್ತೇನೆ, ಟಿಕೇಟು ಹರಿಯುತ್ತೇನೆ, ಕೋರ್ಟಿಗೆ ತಪ್ಪಲಿಲ್ಲ, ಏರಿನ ಬುಡದಲ್ಲಿ ಇಳಿಯುತ್ತೇನೆ, ಕೊರಡು ಇಲ್ಲ, ಬಡಿಯುವುದಿಲ್ಲ, ಬೋರಣ್ಣನಿಗೂ ತಪ್ಪಲಿಲ್ಲ, ವೀರಭದ್ರಯ್ಯ ಕಾದು ಕಾದು ಇಳಿದು ಬರುತ್ತಾನೆ, ಕೊರಡಿಲ್ಲದೆ ನಾನು ಹತ್ತಿಸಲ್ಲ ಅನ್ನುತ್ತಾನೆ, ಬಸ್ಸು ತಿರುಗುತ್ತದೆ, ಮುಷ್ಕರ ಹೂಡಿದವರು ಯಾರು, ಯಾರೂ ಇಲ್ಲ. ವೀರಭದ್ರಯ್ಯನಿಗೆ ಮಾತ್ರ ಹೇಳಲಿಲ್ಲ, ಅವನು ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ಕಟಕಟೆಯಲ್ಲಿ ನಿಲ್ಲಿಸಿ ನಿನಗೆ ಮೊದಲೇ ತಿಳಿದಿತ್ತೇ ಅಂದರೆ ತಿಳಿದಿತ್ತು ಅಂದುಬಿಡುತ್ತಾನೆ. ಲೆಕ್ಕಕ್ಕೆ ಸಿಗದವನು ಒಬ್ಬನೇ, ಬಾಗಿಲ ಪಕ್ಕದ ಸೀಟಿನ ಈ ಪೊಲೀಸ್ ಪೇದೆ, ಕೆಲಸದವರಿಂದ ಬಸ್ಸು ತಡವಾದರೆ ಬರೆದುಕೊಂಡು ಬಾ ಅಂತ ಕೋರ್ಟು ಹತ್ತಿಸಿ ಕಳಿಸಿದ್ದು, ಪಾಪ, ಕೆಟ್ಟವನೇನಲ್ಲ, ಹತ್ತಿದ ತಕ್ಷಣ ಬೀಡಿ ಕೊಟ್ಟ, ಇವನು ತಗೊಂಡು ಕಿವಿಗೆ ಸಿಕ್ಕಿಸಿಕೊಂಡ. ಮತ್ತೆ ಕೆಂಪಕ್ಕ. ಬಲಸಮುದ್ರದ ತವರಿಗೆ ಹೊರಟವಳು ಹಿಂದಿನ ಸೀಟಿನಲ್ಲೇ ಬಂದು ಕೂರಬೇಕೇ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಅಂತೂ ಹೊಂಟ್ಬುಟ್ಟೆ ಯತ್ತಪ್ಪಣ್ಣ, ನಿನ್ನ ಕೈಲೂ ಕೊರಡು ಹಿಡಿಸಿಬುಟ್ರು ಅಂದಳು, ಆ ಮಾತು ತಡೆಯಲಾರದೆ ಬಗ್ಗಿ ಅವಳ ಕಿವಿಯಲ್ಲಿ, ಇಲ್ಲ ಕಣಮ್ಮ, ತಂದಿಲ್ಲ, ಬಸ್ಸು ಏರು ಹತ್ತಾಕಿಲ್ಲ, ಯಾರ್ಗೂ ಅನ್ಬ್ಯಾಡ ಅಂದ. ಅವಳು ಕಾಲಡಿಯ ಖಾಲಿ ಕೊಕ್ಕೆ ನೋಡಿದಳು, ಕಣ್ಣು ತುಂಬಿತು, ಆಣೆ ಉಳಿಸ್ದೆ ಕಣಣ್ಣ ಅಂದಳು, ಯತ್ತಪ್ಪನಿಗೆ ಒಂದೂವರೆ ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಯಿತು.

ಎದೆ ಹಗುರಾದದ್ದು ಮಿಡಿಗೇಶಿ ದಾಟುವವರೆಗೆ, ಆಮೇಲೆ ಆ ಕೊಕ್ಕೆ, ಟಿಣ್, ಟಿಣ್, ದಾರಿ ಹಾಳಾದಷ್ಟೂ ಜೋರು, ಈಗೋ ಎದುರಿಗೆ ಹುಲಿಬಂಡೆ, ಬಿಸಿಲಿಗೆ ಮಂಕಾದ ಕರಿಬೆನ್ನು, ಅದರ ಸೊಂಟ ಬಳಸಿ ಏರುವ ದಾರಿ. ಬಸ್ಸು ಬುಡದಲ್ಲಿ ನಿಂತಿತು. ನಡೆಯುವ ಶಕ್ತಿ ಇದ್ದವರು ಇಳಿದು ಮುಂದೆ ಹೋಗುವುದು ಇಲ್ಲಿಯ ಪದ್ಧತಿ, ಗಂಡಸರು ಇಳಿದರು, ಮುದುಕರು, ಕೂಸಿನ ತಾಯಂದಿರು ಕೂತರು, ಕೆಂಪಕ್ಕ ಯಾವತ್ತೂ ಇಳಿಯುವವಳು ಇವತ್ತು ಇಳಿಯಲಿಲ್ಲ, ಹತ್ತದ ಬಸ್ಸಿನಿಂದ ಯಾಕೆ ಇಳಿಯಬೇಕು, ಗೊತ್ತು ಅನ್ನುವ ಹಾಗೆ ಇವನ ಕಡೆ ನೋಡಿ ತುಟಿಯಲ್ಲೇ ನಕ್ಕಳು. ಇಳಿಯಮ್ಮ ಅನ್ನಬೇಕಿತ್ತು, ಅನ್ನಲಿಲ್ಲ, ಯಾಕೆ ಅನ್ನಬೇಕು, ಬಸ್ಸು ಹೋಗುವುದೇ ಇಲ್ಲವಲ್ಲ. ಯತ್ತಪ್ಪ ಇಳಿದು ಹಿಂದೆ ಬಂದು ಕೈಕಟ್ಟಿ ನಿಂತ, ಎಂಜಿನ್ನು ಗೊರಗೊರ ಅನ್ನುತ್ತಿದೆ, ವೀರಭದ್ರಯ್ಯ ಕಾಯುತ್ತಿದ್ದಾನೆ, ಕಾಯಲಿ, ಬರಲಿ, ಇಳಿದು ಬಂದು ಕೇಳಲಿ, ಏಮಯ್ಯಾ ಎಂತಸೇಪು, ಎಷ್ಟೊತ್ತಯ್ಯಾ ನಿಲ್ಲೋದು ಅಂತ ಪಾವಗಡದ ಮುದುಕನೊಬ್ಬ ಕಿಟಕಿಯಿಂದ ರೇಗಿದ, ಪೇದೆ ಮೆಟ್ಟಿಲಿಂದ ಕೆಳಗಿಳಿದ, ಜೇಬಿನಿಂದ ಪುಸ್ತಕ ತೆಗೆದ, ಮತ್ತೆ ಒಳಗಿಟ್ಟ, ಯಾಕಯ್ಯ ನಿನ್ನ ಹೆಸರು ಬರ್ಕೊಂಡು ನಾನ್ಯಾಕೆ ಪಾಪ ಕಟ್ಕೊಳ್ಲಿ, ಬಡಿಯೋದು ಮರೆತ್ಯಾ ಅಂತ ನಕ್ಕ, ತಾನೇ ಬಡಿಯಲು ತಗಡಿನ ಕಡೆಗೆ ಕೈ ಎತ್ತಿದ. ಆ ಎತ್ತಿದ ಕೈ. ಕೊರಡಿಲ್ಲ ಸ್ವಾಮಿ ಅನ್ನಬೇಕು, ಅಂದರೆ ಯಾಕಿಲ್ಲ ಅನ್ನುತ್ತಾನೆ, ಬೇಕೆಂತಲೇ ಬಿಟ್ಟು ಬಂದೆಯಾ ಅನ್ನುತ್ತಾನೆ, ಮೂರು ತಿಂಗಳು, ಕೊಲ್ಲಾಪುರಮ್ಮ ಒಬ್ಬಳೇ, ಕೊರಡಿಲ್ಲ, ಎಷ್ಟು ಸಣ್ಣ ಮಾತು, ನಾಲಗೆಯ ತುದಿಯಲ್ಲಿದೆ —

ಧಬ್ ಧಬ್.

ನಿಲ್ಸೋ ವೀರಭದ್ರಯ್ಯಾ, ನಿಲ್ಸೋ, ಕೊರಡಿಲ್ಲ ಕಣೋ, ಈಗ ಕಿರುಚುತ್ತಾನೆ, ಈಗ ಬಂತು ಮಾತು, ಎಂಜಿನ್ನಿನ ಅಬ್ಬರಕ್ಕೆ ತನ್ನ ಕಿವಿಗೇ ಕೇಳುತ್ತಿಲ್ಲ, ಬಡಿತ ಬಿದ್ದ ಮೇಲೆ ಅವನು ತಿರುಗುವವನಲ್ಲ, ಹೊಗೆ, ಬಸ್ಸು ಏರುತ್ತಿದೆ, ಹತ್ತು ಮಾರು, ಇಪ್ಪತ್ತು, ಅಯ್ಯೋ ಏರಿಬಿಡು ನಮ್ಮಪ್ಪ, ಇವತ್ತೊಂದು ದಿನ ಸೋಲದೆ ಏರಿಬಿಡು, ಬೋರಣ್ಣ ಬಿದ್ದ ಜಾಗ ದಾಟಿತು, ದಾಟಿಯೇಬಿಟ್ಟಿತು, ಓಡುತ್ತಾನೆ, ಪಕ್ಕದಲ್ಲಿ ಆ ಇನ್ನೊಬ್ಬನ ಹೆಜ್ಜೆಯೂ ಓಡುತ್ತಿದೆ, ಎಂಜಿನ್ನಿನ ಸದ್ದು ಕುಗ್ಗಿತು, ಕೆಮ್ಮಿತು, ಕೊಕ್ಕೆ ಒಂದು ಸಲ ಟಿಣ್ ಅಂದು ಸುಮ್ಮನಾಯಿತು. ಬಸ್ಸು ನಿಂತಿದೆ. ನಿಂತೇ ಇರಲಿ. ಚಕ್ರ ಒಂದು ಗೇಣು ಹಿಂದಕ್ಕೆ ಬಂತು. ದಾರಿಯ ಬದಿಯಲ್ಲಿ ಕಲ್ಲು, ಎಲ್ಲಿ ನೋಡಿದರೂ ಕಲ್ಲು, ಬಗ್ಗಿ ಎತ್ತಿದ, ಗುಂಡಗಿದೆ, ಗುಂಡಗೈತೆ ಕಣ್ಲಾ ಯತ್ತ, ಬೇರೆ ನೋಡಲು ಹೊತ್ತಿಲ್ಲ, ಹಿಂಬಾಗಿಲಲ್ಲಿ ಕೆಂಪಕ್ಕ, ಅವಳು ಇವನ ಮುಖ ನೋಡುತ್ತಿಲ್ಲ, ಕೈ ನೋಡುತ್ತಿದ್ದಾಳೆ, ಕೈಯಲ್ಲಿರುವ ಕಲ್ಲು ನೋಡುತ್ತಿದ್ದಾಳೆ, ಪೇದೆ ಏನೋ ಕೂಗುತ್ತಿದ್ದಾನೆ, ಚಕ್ರ ಬರುತ್ತಿದೆ, ಮಂಡಿಯೂರಿದ, ಕಲ್ಲು ಚಾಚಿದ, ಮೊಳದುದ್ದದ ಜಾಲಿ, ಕೊಲ್ಲಾಪುರಮ್ಮ ಎದ್ದು ಮಡಿಲು ಕೊಡವುತ್ತಾಳೆ, ಅವರೆ ಸಿಪ್ಪೆ ಉದುರುತ್ತದೆ, ಒಲೆಯ ಮುಂದೆ ಕೊರಡು, ಅದರ ಮೇಲೆ ನಾಲ್ಕು ಬೆರಳಗಲದ ಕಪ್ಪು ಪಟ್ಟೆ, ಕೊರಡು, ಒಲೆಯ ಮುಂದೆ ಕೊರಡು