ಬೆಕ್ಕು ದಾಟಿದ ದಾರಿಯ ಸಣ್ಣಬೀರಯ್ಯ

ಬೆಕ್ಕು ಅಡ್ಡ ಬಂದ ದಾರಿಯಲ್ಲಿ ಮೊದಲು ಕಾಲಿಡುವವರು ಯಾರು ಎಂಬ ಪ್ರಶ್ನೆಗೆ ಪಿರಿಯಾಪಟ್ಟಣದ ಹಾರನಹಳ್ಳಿ ಕಡೆಯಲ್ಲಿ ಮೂವತ್ತು ವರ್ಷದಿಂದ ಒಂದೇ ಉತ್ತರ: ಲಾಳ ಕಟ್ಟುವ ಸಣ್ಣಬೀರಯ್ಯ. ಬೆಳಗಿನ ಹೊತ್ತು ಬೇಲಿಯೊಳಗಿಂದ ಒಂದು ಬೆಕ್ಕು ಹೊರಟು, ರಸ್ತೆ ದಾಟಿ, ಆಚೆ ಬೇಲಿಯಲ್ಲಿ ಮಾಯವಾಯಿತೆಂದರೆ ಸಾಕು, ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ನಿಲ್ಲುತ್ತದೆ, ಬೈಕಿನ ಹಿಂದೆ ಆಟೋ ನಿಲ್ಲುತ್ತದೆ, ಆಟೋದ ಹಿಂದೆ ಗೊಬ್ಬರ ಹೇರಿದ ಟ್ರ್ಯಾಕ್ಟರು ನಿಲ್ಲುತ್ತದೆ. ಒಬ್ಬ ಮೂರು ಹೆಜ್ಜೆ ಹಿಂದಕ್ಕೆ ಹೋಗಿ ಥೂ ಎಂದು ಉಗಿಯುತ್ತಾನೆ, ಇನ್ನೊಬ್ಬ ಬಾರದ ಫೋನನ್ನು ಕಿವಿಗೆ ಹಿಡಿದುಕೊಂಡು ನಿಲ್ಲುತ್ತಾನೆ. ಎಲ್ಲರಿಗೂ ಅವಸರವೇ, ಆದರೆ ಮೊದಲು ದಾಟುವ ಪುಣ್ಯ ಬೇರೆಯವರಿಗೆ ಸಲ್ಲಲಿ ಎಂಬ ಮಹಾ ಔದಾರ್ಯ! ಆಗ ದೂರದಿಂದ ಝಣ್ ಝಣ್ ಎಂದು ಸದ್ದು ಕೇಳಿಸುತ್ತದೆ. ಬಲಗಾಲು ಧೈರ್ಯವಾಗಿ ಊರಿ, ಎಡಗಾಲು ಹಿಮ್ಮಡಿಯ ಮೇಲೆ ಒಂದು ಕ್ಷಣ ನಿಂತು ಯೋಚಿಸಿ, ಆಮೇಲೆ ಮುಂದಕ್ಕೆ ಬೀಳುವ ಆ ನಡಿಗೆಯಲ್ಲಿ ಸಣ್ಣಬೀರಯ್ಯ ಬಂದು, ಬೆಕ್ಕು ಹೋದ ಜಾಗವನ್ನೇ ಹುಡುಕಿ ತುಳಿದು ದಾಟಿ, ಆಚೆ ನಿಂತು ಕೈಬೀಸುತ್ತಾರೆ.

“ಬನ್ರಲಾ, ಬನ್ನಿ! ಅಪಶಕುನ ಎಲ್ಲಾ ನನ್ ಜೇಬಿಗೆ ಬಿತ್ತು!”

ಜೇಬು ಎಂದದ್ದು ಬರೀ ಮಾತಲ್ಲ. ಅವರ ಖಾಕಿ ಕೋಟಿಗೆ ಹೊರಗೆ ನಾಲ್ಕು, ಒಳಗೆ ಎರಡು ಜೇಬುಗಳು. ಬೇಸಿಗೆಯಿರಲಿ, ಆಷಾಢದ ಗಾಳಿಯಿರಲಿ, ಆ ಕೋಟು ಮೈಮೇಲಿಂದ ಇಳಿದದ್ದನ್ನು ಕಂಡವರಿಲ್ಲ. ಹೊರಜೇಬುಗಳ ತುಂಬ ಲಾಳದ ಮೊಳೆಗಳು, ಝಣಗುಟ್ಟುವುದು ಅವೇ. ಒಳಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಒಣಮೀನು, ಅದು ದಾರಿಯ ಬೆಕ್ಕುಗಳ ಪಾಲು. ಹೀಗಾಗಿ ಕಬ್ಬಿಣ ಮತ್ತು ಮೀನು ಎರಡೂ ಬೆರೆತ ಒಂದು ಅಪೂರ್ವ ಪರಿಮಳ ಅವರಿಗಿಂತ ನಾಲ್ಕು ಮಾರು ಮುಂದೆಯೇ ನಡೆದು ಬರುತ್ತದೆ. ಎತ್ತುಗಳು ಮೂಗರಳಿಸುತ್ತವೆ, ಮೀನು ಮುಟ್ಟದ ಮನೆಯವರು ಮೂಗು ಮುಚ್ಚುತ್ತಾರೆ. ಸಣ್ಣಬೀರಯ್ಯ ಯಾವುದನ್ನೂ ಲಕ್ಷ್ಯಕ್ಕೆ ತೆಗೆದುಕೊಳ್ಳುವುದಿಲ್ಲ.

ಬೆಕ್ಕಿನ ಪರವಾಗಿ ವಾದಕ್ಕೆ ನಿಂತರೆಂದರೆ ಅವರ ಮುಂದೆ ವಕೀಲರು ದಂಡ ಕಟ್ಟಬೇಕು. ಒಮ್ಮೆ ಟೀ ಅಂಗಡಿಯ ಸೋಮಮ್ಮ ಎಲ್ಲರೂ ಹೇಳುವ ಮಾತನ್ನೇ ಹೇಳಿದರು. “ನಾಯಿ ಯಜಮಾನನ ಮನೆ ತುಂಬಿರ್ಲಿ ಅಂತದೆ, ಬೆಕ್ಕು ಯಜಮಾನನ ಕಣ್ಣೋಗ್ಲಿ ಅಂತದೆ ಕಣಣ್ಣ. ಕಣ್ಣೋದ್ರೆ ಆಲು ಕುಡಿಬೌದಲ್ಲ!”

ಸಣ್ಣಬೀರಯ್ಯ ಟೀ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದರು. “ಅದು ನಿನ್ ಕಿವೀಲಿ ಯಾವಾಗ್ ಬಂದು ಏಳ್ತು ಸೋಮಕ್ಕ? ಓದೊರ್ಸ ಒಗೆಸೊಪ್ಪು ಒಣಗ್ಸೋ ಬ್ಯಾರನ್ ಒತ್ತಿ ಉರೀತಲ್ಲ, ಅವತ್ತು ಯಾವ ಬೆಕ್ಕು ಅಡ್ಡ ಬಂದಿತ್ತು? ಬೀಡಿ ಸೇದ್ಕಂಡು ಸೊಪ್ಪು ಏರುಸ್ತಿದ್ದೋನು ಮನ್ಸ ಕಣವ್ವ. ಬೆಕ್ಕು ರಸ್ತೆ ದಾಟೋವಾಗ ಎರಡೂ ಕಡೆ ನೋಡ್ತದೆ. ನಮ್ ಬೈಕಿನೋರು ನೋಡ್ತಾರಾ?” ಬೆಂಚಿನಲ್ಲಿದ್ದ ಬೈಕಿನವರು ನಕ್ಕರು. ಸೋಮಮ್ಮ ಮಾತ್ರ ಇನ್ನೊಂದು ಲೋಟ ಟೀ ಕೊಟ್ಟು ಬಾಯಿ ಮುಚ್ಚಿಸಿದರು.

ಅವರ ಕಾರ್ಯಕ್ಷೇತ್ರ ಗೊಬ್ಬರದಂಗಡಿಯ ಪ್ರಭುಸ್ವಾಮಿಯವರ ಅಂಗಳದ ಹುಣಸೆಮರದ ಬುಡ. ಎತ್ತಿಗೆ ಲಾಳ ಕಟ್ಟುವುದೆಂದರೆ ಮೊದಲು ಅದನ್ನು ಹಗ್ಗ ಹಾಕಿ ನಯವಾಗಿ ನೆಲಕ್ಕೆ ಕೆಡವಬೇಕು, ಕಾಲು ನಾಲ್ಕೂ ಕಟ್ಟಬೇಕು, ಗೊರಸನ್ನು ಉಳಿಯಿಂದ ಕೆತ್ತಿ ಸಮ ಮಾಡಿ ಲಾಳ ಹೊಡೆಯಬೇಕು. ಅದಕ್ಕೆ ನೆರಳು ಬೇಕು, ಮೆತ್ತನೆ ಮರಳು ಬೇಕು. ರಸ್ತೆ ಅಗಲ ಮಾಡುವಾಗ ಊರಿನ ಮರಗಳೆಲ್ಲ ಹೋಗಿ, ಅಂಥ ಜಾಗ ಉಳಿದದ್ದು ಅದೊಂದೇ. ಟ್ರ್ಯಾಕ್ಟರುಗಳ ಕಾಲದಲ್ಲಿ ಉಳಿದಿರುವ ಎತ್ತುಗಳೇ ಕೆಲವು. ಆ ನೆರಳೂ ಹೋದರೆ ಸಣ್ಣಬೀರಯ್ಯನವರ ಕಸುಬು ಮುಗಿದಂತೆ. ಪ್ರಭುಸ್ವಾಮಿಯವರು ಕೆಟ್ಟ ಮನುಷ್ಯರೇನೂ ಅಲ್ಲ. ಗೊಬ್ಬರದ ವ್ಯಾಪಾರದ ಜೊತೆಗೆ ಹೊಗೆಸೊಪ್ಪೂ ಬೆಳೆಯುತ್ತಾರೆ; ಕಣ್ಣು ಮುಚ್ಚಿ, ಒಣಗಿದ ಎಲೆಯನ್ನು ಬೆರಳ ತುದಿಯಲ್ಲಿ ತಿಕ್ಕಿ, ಇದು ಬುಡದೆಲೆ, ಇದು ನಡುವಿನೆಲೆ, ಇದರ ಹದ ಇಷ್ಟು ಎಂದು ಹೇಳುವುದರಲ್ಲಿ ಹೋಬಳಿಗೇ ಹೆಸರಾದವರು. ಆ ಬೆರಳುಗಳ ಬಗ್ಗೆ ಅವರಿಗೆ ಇರುವ ಹೆಮ್ಮೆ ಮಡದಿಯ ಒಡವೆಯ ಬಗ್ಗೆಯೂ ಇಲ್ಲ.

ಅವರ ಮನೆಯಲ್ಲಿ ಒಂದು ಕರೀ ಬೆಕ್ಕು. ಮಡದಿ ಮಂಗಳಗೌರಿಯವರು ಸಾಕಿ, ಕಾಡಿಗೆ ಎಂದು ಹೆಸರಿಟ್ಟದ್ದು. ಪ್ರಭುಸ್ವಾಮಿಯವರಿಗೆ ಅದರ ಮೇಲೆ ಎರಡು ದೂರುಗಳಿದ್ದವು. ಹೊಸದಾಗಿ ತಂದ ಮಖಮಲ್ಲಿನ ಸೋಫಾವನ್ನು ಪರಪರ ಗೀರಿ ನಾರು ನಾರು ಮಾಡಿತ್ತು, ಇದೊಂದು. ಹೊಗೆಸೊಪ್ಪಿನ ಹರಾಜಿಗೆ ಹೊರಟ ದಿನ ಅಡ್ಡ ಬಂದಿತ್ತು, ಅಂದೇ ಸೊಪ್ಪು ಕಟ್ಟಿದ ಎರಡು ಬೇಲು ತಿರಸ್ಕಾರವಾಗಿ ವಾಪಸು ಬಂದವು, ಇದು ಇನ್ನೊಂದು. ಆ ಬೇಲುಗಳಲ್ಲಿ ತೇವ ಹೆಚ್ಚಿದ್ದುದು ಬೆಕ್ಕಿಗೆ ಹೇಗೆ ಸಂಬಂಧಿಸಿದ್ದೆಂದು ಕೇಳುವವರಿರಲಿಲ್ಲ. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕೆಂಬ ಭಯ. ಬಿಟ್ಟುಬರೋಣವೆಂದರೆ ಮಡದಿಯ ಕಣ್ಣೀರು. ಹೀಗೆ ಅತ್ತ ದರಿ ಇತ್ತ ಪುಲಿ ಎಂದು ಕೂತಿದ್ದಾಗ, ಹೊರದೇಶದಲ್ಲಿ ಬೆಕ್ಕಿನ ಉಗುರನ್ನು ಬುಡಸಮೇತ ತೆಗೆಸಿ ಮನೆಯೊಳಗೇ ಇಟ್ಟುಕೊಳ್ಳುತ್ತಾರೆಂದು ಫೋನಿನಲ್ಲಿ ಕಂಡರು. ದನದ ಡಾಕ್ಟರು “ಅದು ಹಿಂಸೆ, ನಾನು ಮಾಡುವುದಿಲ್ಲ” ಎಂದು ಕಳಿಸಿದರು. ಆಗ ಹೊಳೆದದ್ದು ಹುಣಸೆಮರದ ಬುಡ.

ಅಂದು ಸಂತೆಯ ದಿನ. ಮರಿಯಯ್ಯ ಎಂಬ ರೈತನ ಎತ್ತು ಮರಳಿನ ಮೇಲೆ ಮಲಗಿತ್ತು. ಆತ ಅದರ ಕೊಂಬು ಹಿಡಿದು ಕೂತಿದ್ದ. ಮೂರು ಕಾಲಿಗೆ ಲಾಳ ಮುಗಿದು ಒಂದು ಉಳಿದಿತ್ತು. ಪ್ರಭುಸ್ವಾಮಿಯವರು ಮುಂದೆ, ಮಂಕರಿಯನ್ನು ಬಟ್ಟೆಯಿಂದ ಮುಚ್ಚಿ ಎದೆಗವಚಿಕೊಂಡ ಮಂಗಳಗೌರಿಯವರು ಹಿಂದೆ ಬಂದರು. ಮಂಕರಿಯೊಳಗೆ ಕಾಡಿಗೆ ಸಣ್ಣಗೆ ಕೂಗುತ್ತಿತ್ತು.

“ಬೀರಯ್ಯ, ಇದರ ಮುಂಗಾಲಿನ ಉಗುರಷ್ಟೂ ಬುಡಸಮೇತ ತೆಗೆದ್ಬುಡು. ಎತ್ತಿನ ಗೊರಸೇ ಕೆತ್ತೋನಿಗೆ ಇದ್ಯಾವ ಮಹಾ ಕೆಲಸ?”

“ನೋವಾಗಲ್ಲ ತಾನೇ ಬೀರಯ್ಯ?” ಎಂದರು ಮಂಗಳಗೌರಿ. “ನೀನು ಕೆತ್ತುವಾಗ ಎತ್ತು ಒಂದಿನವೂ ಕೂಗಿದ್ದು ಕಾಣೆ. ಅದಕ್ಕೇ ಧೈರ್ಯ ಮಾಡಿ ತಂದೆ.”

ಸಣ್ಣಬೀರಯ್ಯ ಸುತ್ತಿಗೆಯನ್ನು ಮರಳಿನ ಮೇಲಿಟ್ಟರು. “ಆಗಕಿಲ್ಲ ಸಾವ್ಕಾರ್ರೇ.”

“ಆಗಲ್ಲ ಅಂದ್ರೆ? ಕೆಲಸ ಬರಲ್ವೋ, ಮಾಡಲ್ವೋ?”

“ಬತ್ತದೆ. ಅದ್ಕೇ ಮಾಡಕಿಲ್ಲ.”

ಮೂವತ್ತು ವರ್ಷದಲ್ಲಿ ಆ ಅಂಗಳದಲ್ಲಿ ಇಂಥ ಮಾತು ಬಂದಿರಲಿಲ್ಲ. ಪ್ರಭುಸ್ವಾಮಿಯವರ ಮುಖ ಕೆಂಪಾಯಿತು. “ಹಂಗಾದ್ರೆ ಆ ಎತ್ತಿನ ಕಾಲು ಮುಗಿಸಿ, ನಾಳೆಯಿಂದ ನಿನ್ನ ಸಾಮಾನು ಬೇರೆ ಮರದ ಕೆಳಗೆ ಇಟ್ಕೋ” ಎಂದುಬಿಟ್ಟರು. ಬೇರೆ ಮರವಿಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮರಿಯಯ್ಯ ಕೊಂಬನ್ನು ಬಿಗಿಹಿಡಿದ.

ಸಣ್ಣಬೀರಯ್ಯನವರು ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಸಂಗತಿಯಿತ್ತು; ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಬೆಕ್ಕಿನ ಬೆರಳು ಹೋಗುತ್ತದೆ. ಅವರು ಮರಳಿನ ಮೇಲೆ ಕೂತು ಹೇಳಿಯೇಬಿಟ್ಟರು. ಇಪ್ಪತ್ತರ ಹರೆಯದಲ್ಲಿ, ಎಚ್.ಡಿ. ಕೋಟೆ ಕಡೆಯ ಹಳ್ಳಿಯೊಂದರಲ್ಲಿ, ಕೋಳಿಮರಿ ಹಿಡಿಯುವ ಬೆಕ್ಕೊಂದನ್ನು ಮನೆಯವರು ತಂದು ಕೊಟ್ಟು ಇದೇ ಮಾತು ಹೇಳಿದ್ದರು, ಹೊಸ ಕಸುಬಿನ ಹುರುಪಿನಲ್ಲಿ ಇವರು ಒಪ್ಪಿದ್ದರು.

“ಉಗುರು ಅಂದ್ಕಂಡು ಇಕ್ಕಳ ಆಕ್ದೆ ಸಾವ್ಕಾರ್ರೇ, ಬಂದದ್ದು ಬೆರಳಿನ ತುದಿ. ಗೊರಸು ನಮ್ ಉಗುರಿದ್ದಂಗೆ, ಮೇಲ್ಮೇಲೆ ಕೆತ್ತಿದ್ರೆ ಎತ್ತಿಗೆ ಗೊತ್ತೇ ಆಗಕಿಲ್ಲ. ಬೆಕ್ಕಿನುಗುರು ಅಂಗಲ್ಲ ಕಣ್ರೀ, ಕೊನೇ ಮೂಳೇಲೇ ಉಟ್ಟಿರ್ತದೆ. ಉಗುರು ಬುಡಸಮೇತ ಬೇಕು ಅಂದ್ರೆ ಗಿಣ್ಣೇ ಬರ್ಬೇಕು.”

ಗಾಯ ಮಾಯ್ದ ಮೇಲೂ ಆ ಬೆಕ್ಕು ಕೆಂಡ ತುಳಿದಂತೆ ನಡೆಯುತ್ತಿತ್ತಂತೆ. ತಿಂಗಳೊಪ್ಪತ್ತಿಗೆ ಇವರು ಅದೇ ಬೀದಿಯಲ್ಲಿ ಹೋಗುವಾಗ ನಾಯಿಗಳು ಅದನ್ನು ಅಟ್ಟಿಸಿಕೊಂಡು ಬಂದವು. ಬೆಕ್ಕು ಓಡಿಹೋಗಿ ನುಗ್ಗೆಮರಕ್ಕೆ ಹಾರಿತು. “ಮರ ತಬ್ಕತ್ತು ಕಣವ್ವ,” ಎಂದು ಮಂಗಳಗೌರಿಯ ಕಡೆ ತಿರುಗಿದರು ಸಣ್ಣಬೀರಯ್ಯ. “ಇಡ್ಕಳಕ್ಕೆ ಏನೂ ಇರ್ನಿಲ್ಲ. ಅಂಗೇ ಜಾರ್ಕಂಡು ಕೆಳಕ್ಕೆ ಬಂತು. ಬೆಕ್ಕು ಅಡ್ಡ ಬಂದ್ರೆ ಕೆಟ್ಟದು ಅಂತೀರಿ. ಅವತ್ತು ಆ ಬೆಕ್ಕಿಗೆ ಅಡ್ಡ ಬಂದೋನು ನಾನು.”

ಆಮೇಲೆ ಎಡಗಾಲಿನ ಬೂಟು ಕಳಚಿದರು. ಎತ್ತೊಂದು ತುಳಿದು, ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದ ಪಾದ ಅದು. “ಎರಡಕ್ಕೇ ನನ್ ನಡಿಗೆ ಇಂಗಾಯ್ತು. ನಾನು ಅದರ ಮುಂಗಾಲಿನ ಅತ್ತು ಬೆರಳ ತುದೀನೂ ಕಿತ್ತಿದ್ದೆ.”

ಪ್ರಭುಸ್ವಾಮಿಯವರು ಕರಗಿದರೋ? ಎಲ್ಲಿ ಬಂತು! ಹಠ ಅಷ್ಟು ಸುಲಭಕ್ಕೆ ಇಳಿಯುವ ವಸ್ತುವಲ್ಲ. “ನೀನಾಗ ಹುಡುಗ, ಕೆಲಸ ಕೆಡಿಸಿದೆ. ಬೆರಳ ತುದಿ ಒಂಚೂರು ಹೋದ್ರೆ ಏನು ಪ್ರಳಯವೇ?” ಎಂದರು.

ಸಣ್ಣಬೀರಯ್ಯನವರ ಕಣ್ಣು ಮಿಂಚಿತು. “ನಿಮ್ ಬೆರಳ ತುದಿ ಕಟ್ಟಿ ಒಂದ್ ಎಲೆ ಕೊಡ್ತೀನಿ. ಕಣ್ಮುಚ್ಕಂಡು ಅದು ಯಾವ ಎಲೆ ಅಂತ ಏಳ್ಬುಡಿ. ಏಳುದ್ರೆ ಉಗುರೂ ತೆಗೀತೀನಿ, ಮರಾನೂ ಬುಟ್ಟು ಓಯ್ತೀನಿ!”

ಹೋಬಳಿಗೆ ಹೆಸರಾದ ಬೆರಳುಗಳಿಗೇ ಸವಾಲು! ಪ್ರಭುಸ್ವಾಮಿಯವರು ಬಲಗೈ ಚಾಚಿ, “ಕಟ್ಟಯ್ಯ, ಕಟ್ಟು” ಎಂದರು. ಕಟ್ಟಿದವರು ಸಣ್ಣಬೀರಯ್ಯ ಅಲ್ಲ. ಮಂಗಳಗೌರಿಯವರು ಮುಂದೆ ಬಂದು, ಮಂಕರಿಯ ಬಟ್ಟೆಯ ಅಂಚು ಹರಿದು, ಗಂಡನ ಐದೂ ಬೆರಳ ತುದಿಗಳನ್ನು ಮೊದಲ ಗಿಣ್ಣಿನವರೆಗೆ ಒಂದೊಂದಾಗಿ ದಪ್ಪಗೆ ಸುತ್ತಿದರು. ಅಂಗಡಿಗೆ ಬಂದವರು, ಸಂತೆಗೆ ಹೊರಟವರು ಗುಂಪುಗಟ್ಟಿದರು. ಸೋಮಮ್ಮ ಒಲೆಯ ಮೇಲೆ ಹಾಲು ಬಿಟ್ಟು ಓಡಿಬಂದರು. ಮರಿಯಯ್ಯ ಎತ್ತನ್ನು ಹಿಡಿದುಕೊಂಡೇ ಕತ್ತು ಚಾಚಿದ. ಅಂಗಡಿಯ ಮೂಲೆಯ ಹೊಗೆಸೊಪ್ಪಿನ ಮಾದರಿ ಕಂತೆಗಳಿಂದ ಸಣ್ಣಬೀರಯ್ಯ ಒಂದೆಲೆ ತಂದು ಆ ಕೈಯಲ್ಲಿಟ್ಟರು.

ಪ್ರಭುಸ್ವಾಮಿಯವರು ಕಣ್ಣು ಮುಚ್ಚಿ ತಿಕ್ಕಿದರು. ಮತ್ತೆ ತಿಕ್ಕಿದರು. ಎಲೆ ಕೈಯಿಂದ ಜಾರಿ ಮರಳಿಗೆ ಬಿತ್ತು, ಎತ್ತಿಕೊಡಬೇಕಾಯಿತು. ಹಣೆಯಲ್ಲಿ ಬೆವರು ಕಂಡಿತು. ಕೊನೆಗೆ, “ನಡುವಿನೆಲೆ. ಒಳ್ಳೇ ಹದ” ಎಂದು ಕಣ್ಣು ತೆರೆದರು. ಕೈಯಲ್ಲಿದ್ದದ್ದು ಮಣ್ಣು ಹತ್ತಿದ, ಅಂಚು ಸೀದ ಬುಡದೆಲೆ.

ಯಾರೂ ನಗಲಿಲ್ಲ. ನಗಬೇಕೆಂದಿದ್ದ ಸೋಮಮ್ಮನೂ ಸೆರಗು ಬಾಯಿಗೊತ್ತಿಕೊಂಡರು. ಮಂಗಳಗೌರಿಯವರು ಒಂದೊಂದೇ ಗಂಟು ಬಿಚ್ಚುತ್ತಾ ಮೆಲ್ಲಗೆ ಹೇಳಿದರು. “ನಿಮಗೇನೋ ಬಿಚ್ಚಿದ್ರೆ ಆಯ್ತು ರೀ. ಅದಕ್ಕೆ ಬಿಚ್ಚೋಕೆ ಏನಿರ್ತದೆ?”

ಪ್ರಭುಸ್ವಾಮಿಯವರು ಬಿಡುಗಡೆಯಾದ ಬೆರಳುಗಳನ್ನು ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಕೆಮ್ಮಿ, “ಸೋಫಾಕ್ಕೇನು ಮಾಡೋದಯ್ಯ?” ಎಂದರು. ಗೆದ್ದೆವು! ಹಾಗೆ ಕೇಳುವುದೇ ಸಾವ್ಕಾರರು ಸೋಲೊಪ್ಪುವ ಕ್ರಮವೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಸಣ್ಣಬೀರಯ್ಯನವರಿಗೆ ಕುಣಿಯುವಷ್ಟು ಸಂತೋಷವಾಯಿತು. ಕಾಲು ಹಾಗಿಲ್ಲದ್ದರಿಂದ ಕೋಟಿನ ಜೇಬು ತಟ್ಟಿಕೊಂಡು ಝಣಗುಟ್ಟಿಸಿದರು. ಸೊಂಟದೆತ್ತರದ ಮರದ ತುಂಡೊಂದಕ್ಕೆ ಗೊಬ್ಬರದಂಗಡಿಯದೇ ಹಳೆ ಗೋಣಿ ಸುತ್ತಿ, ಲಾಳದ ಮೊಳೆ ಹೊಡೆದು, ಬೆಕ್ಕು ಇದನ್ನೇ ಗೀರಿಕೊಳ್ಳಲೆಂದು ಸೋಫಾದ ಪಕ್ಕದಲ್ಲಿ ನಿಲ್ಲಿಸಲು ಕೊಟ್ಟರು. ಕಾಡಿಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪಾದವನ್ನು ಮೆಲ್ಲಗೆ ಒತ್ತಿ ಉಗುರು ಹೊರಬರಿಸಿ, ಒಳಗಿನ ಕೆಂಪು ಜೀವದೆಳೆಯನ್ನು ಮಂಗಳಗೌರಿಗೆ ತೋರಿಸಿ, ಅದನ್ನು ಮುಟ್ಟದಂತೆ ಬಿಳಿ ಮೊನೆಯನ್ನಷ್ಟೇ ಕತ್ತರಿಸುವುದನ್ನು ಕಲಿಸಿದರು. ಅಷ್ಟರಲ್ಲಿ ಮರಿಯಯ್ಯ ಕೂಗಿದ. “ಅಣ್ಣೋ, ನನ್ ಎತ್ತು ಇನ್ನೂ ಮೂರೇ ಕಾಲಲ್ಲಿ ಅದೆ ಕಣೋ!”

ಮುಂದಿನ ಹರಾಜಿನ ದಿನ ಬೆಳಿಗ್ಗೆ ಪ್ರಭುಸ್ವಾಮಿಯವರು ಬೇಲುಗಳನ್ನು ಹೇರಿಸಿ, ಹಣೆಗೆ ವಿಭೂತಿಯಿಟ್ಟು ಮೆಟ್ಟಿಲಿಳಿದರು. ಸರಿಯಾಗಿ ಅದೇ ಹೊತ್ತಿಗೆ ಕಾಡಿಗೆ ಬಾಲವೆತ್ತಿಕೊಂಡು ಅಂಗಳದ ಆ ಕಡೆಯಿಂದ ಈ ಕಡೆಗೆ ರಾಜಗಾಂಭೀರ್ಯದಿಂದ ದಾಟಿತು. ಗಾಡಿಯ ಡ್ರೈವರು ಕಲ್ಲಿನಂತೆ ನಿಂತ. ಪ್ರಭುಸ್ವಾಮಿಯವರೂ ನಿಂತರು. ಅಭ್ಯಾಸಬಲದಿಂದ ಅವರ ಕಣ್ಣು ಹುಣಸೆಮರದ ಬುಡಕ್ಕೆ ಹೋಯಿತು. ಸಣ್ಣಬೀರಯ್ಯ ಅಲ್ಲಿಯೇ ಇದ್ದರು. ಎದ್ದು ಬರಲೆಂದು ಕಾಲೂರಿದವರು, ಮತ್ತೆ ಕೂತುಬಿಟ್ಟರು.

“ಇವತ್ತು ನೀವೇ ದಾಟಿ ಸಾವ್ಕಾರ್ರೇ. ನನ್ ಜೇಬು ತುಂಬೋಗದೆ.”

ಪ್ರಭುಸ್ವಾಮಿಯವರು ಒಮ್ಮೆ ಬೆರಳ ತುದಿಗಳನ್ನು ಒಂದಕ್ಕೊಂದು ತಿಕ್ಕಿಕೊಂಡರು. ಆಮೇಲೆ ಬಲಗಾಲಿಟ್ಟು ದಾಟಿದರು. ಹರಾಜಿನಲ್ಲಿ ಏನಾಯಿತೆಂದು ಸಣ್ಣಬೀರಯ್ಯ ಈವರೆಗೆ ಕೇಳಿಲ್ಲ. ಕೇಳಿದರೆ ಬೆಕ್ಕನ್ನು ಮತ್ತೆ ಲಾಭನಷ್ಟಕ್ಕೆ ಕಟ್ಟಿದಂತಾಗುತ್ತದೆ ಎನ್ನುತ್ತಾರೆ.

ಹಿಂಸೆ ಬೇಡವೆಂದು ಗ್ರಂಥ ಓದಿ ಹೇಳುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ, ಅವರ ಮಾತಿಗೆ ನಾವು ತಲೆಯಾಡಿಸಿ ಮನೆಗೆ ಬಂದು ನಮ್ಮ ಸೋಫಾವನ್ನೇ ನೋಡುತ್ತೇವೆ. ಸಣ್ಣಬೀರಯ್ಯನವರ ಜಾತಿಯವರು ಬೇರೆ. ತಮ್ಮ ಕೈ ಮಾಡಿದ ಒಂದು ತಪ್ಪನ್ನು ಅವರು ದೇವರ ಮೇಲೂ ಹಾಕುವುದಿಲ್ಲ, ಶಕುನದ ಮೇಲೂ ಹಾಕುವುದಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಬದುಕಿಡೀ ಕುಂಟುತ್ತಾ, ಊರು ಹೆದರಿ ನಿಂತ ಕಡೆ ತಾವು ಮೊದಲು ಕಾಲಿಡುತ್ತಾರೆ, ಮತ್ತು ಒಂದು ದಿನ, ನಾವು ಕಾಯುತ್ತಾ ನಿಂತಿರುವಾಗ, ಕೂತಲ್ಲೇ ಕೂತು ನಮ್ಮನ್ನು ದಾಟಿಸುತ್ತಾರೆ.