ಹಸಿರು ಆಕಾಶದ ಕಾರ್ಡು

ಅಜ್ಜಿ ಪುರಾಣ ಹಾಡುವಾಗ ಕಂಬಕ್ಕೊರಗಿ ಕೇಳುತ್ತ ಬೆಳೆದವಳು ನಾನು. ಮದುವೆಯಾಗಿ ಜರಗನಹಳ್ಳಿಯ ಬಾಡಿಗೆ ಮನೆಗೆ ಬಂದ ಮೇಲೆ, ನನ್ನ ಗಂಡ ಸಿದ್ದಾರೂಢರು ಹೇಳುವ, ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳ ಕಥೆಯನ್ನೂ ಹಾಗೆಯೇ ಕೇಳುತ್ತಿದ್ದೆ, ಅರ್ಧ ತಿಳಿಯದಿದ್ದರೂ. ಬಿಟಿಎಂ ಬಡಾವಣೆಯ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅವರ ಕೆಲಸ. ಗೇಮ್ ಆಡಲೆಂದು ಬಂದ ಮೊದಮೊದಲ ಕಾರ್ಡುಗಳನ್ನು ಹುಡುಕಿ ತಂದು ಕಪಾಟಿನಲ್ಲಿ ಮಲಗಿಸಿಡುತ್ತಿದ್ದರು.

೨೦೦೩ರಲ್ಲಿ ಕೋಣನಕುಂಟೆಯ ಗುಜರಿಯಲ್ಲಿ ಒಂದು ಸಿಕ್ಕಿತು. ಮಾರುವ ಮೊದಲು ಪರೀಕ್ಷೆಗೆಂದು ಯಾವುದೋ ಕಂಪನಿಯವರು ಮಾಡಿಕೊಂಡಿದ್ದು. ಮೇಲೆಲ್ಲ ಕೈಯಿಂದ ಬೆಸೆದ ತೆಳು ತಂತಿಗಳು. ಆಮೇಲೆ ಆ ಕಂಪನಿಯೇ ಮುಚ್ಚಿಹೋಯಿತಂತೆ.

“ಇದು ತೋರ್ಸೂ ಚಿತ್ರ ಪ್ಯಾಟ್ಯಾಗ ಯಾರೂ ನೋಡಿಲ್ಲ, ರಾಜಶ್ರೀ,” ಎಂದರು. ಕಿತ್ತುಹೋಗಿದ್ದ ತಂತಿಯೊಂದನ್ನು ಬೆಸೆದು, ಆಯುಧಪೂಜೆಯ ರಜೆಯಲ್ಲಿ ಕಂಪ್ಯೂಟರಿಗೆ ಹಚ್ಚಿ ನೋಡೋಣವೆಂದು ಕಿಟಕಿಯ ಬಳಿ ಇಟ್ಟರು.

ಪೂಜೆಯ ಬೆಳಿಗ್ಗೆ ಬೀಗ ಹಾಕದೆ ಬಾಗಿಲು ಮುಂದೆ ಮಾಡಿ ಇಬ್ಬರೂ ಹೂವು, ಬೂದುಗುಂಬಳ ತರಲು ಹೋಗಿದ್ದೆವು. ಮನೆಯ ಒಡತಿ ಬೈರಮ್ಮನವರಿಗೆ ಹೊಲ ಹೋದರೂ ಹೊಲದ ರೂಢಿ ಹೋಗಿರಲಿಲ್ಲ: ಆ ದಿನ ತೊಳೆಯದ ಆಯುಧ ವಠಾರದಲ್ಲಿ ಇರಕೂಡದು. ನಾವು ಬಂದಾಗ ಅಂಗಳದಲ್ಲಿ ಕುಡುಗೋಲು, ಗುದ್ದಲಿ, ಸೈಕಲ್ಲು. ಸಾಲಿನ ತುದಿಯಲ್ಲಿ ಕಾರ್ಡು. ನೀರು ತೊಟ್ಟಿಕ್ಕುತ್ತ, ನಡುವಿನ ದೊಡ್ಡ ಚಿಪ್ ಮೇಲೆ ಕುಂಕುಮ ಇಟ್ಟುಕೊಂಡು.

“ಬಾಪ್ಪಾ ಸಿದ್ದು! ಎಷ್ಟು ಧೂಳು ಕೂತಿತ್ತು ಅಂತೀಯಾ! ಹಳೇ ಬ್ರಷ್ಷಲ್ಲಿ ಸಂದಿಸಂದಿ ಉಜ್ಜಿದೀನಿ.”

ನಮ್ಮವರ ಮುಖ ಸುಣ್ಣವಾಗಿತ್ತು. “ಛಲೋ ಆತ್ರಿ, ಅಮ್ಮಾ.”

“ಏನ್ ಛಲೋನೋ! ಮುಖ ನೋಡಿದ್ರೆ ಗೊತ್ತಾಗಲ್ವಾ? ನೀರು ತಾಕಬಾರ್ದಿತ್ತಾ?”

“ಒಣಗಿದ್ರ ಬದುಕಬಹುದ್ರಿ.”

ಬೈರಮ್ಮ ತಾವೇ ಅದನ್ನು ತಾರಸಿಗೆ ಒಯ್ದು, ಮೊರದಲ್ಲಿಟ್ಟು, ಕಾಗೆ ಓಡಿಸುತ್ತ ಕೂತರು. ಊಟಕ್ಕೂ ಇಳಿಯಲಿಲ್ಲ. ತುಟಿ ಅಲುಗುತ್ತಿತ್ತು. ಯಾವ ದೇವರೆಂದು ನಾನು ಕೇಳಲಿಲ್ಲ; ಪಕ್ಕದಲ್ಲಿ ಕೂತು ನನ್ನ ದೇವರನ್ನು ಕರೆದೆ.

ಸಂಜೆ ಇವರು ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಕಂಪ್ಯೂಟರಿನಲ್ಲಿ ಕೂರಿಸಿದರು. ಕುಂಕುಮ ಮುಟ್ಟಲಿಲ್ಲ. ಸ್ವಿಚ್ಚು ಒತ್ತಿದರು. ಪರದೆ ಕಪ್ಪಗೇ ಇತ್ತು. ತೆಗೆದು ಮತ್ತೆ ಕೂರಿಸಿದರು. ಬೈರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಪರದೆ ಮಿನುಗಿತು. ಇವರು ಗೇಮ್ ಹಚ್ಚಿದರು. ರಸ್ತೆ ಬಂತು, ಓಡುವ ಕಾರು ಬಂತು, ಗುಡ್ಡ ಬಂತು. ಆಕಾಶ ಮಾತ್ರ ಬಾಳೆಸುಳಿಯ ಹಸಿರು.

“ಯಾಕಪ್ಪಾ ಹಸಿರು? ನಾನು ತೊಳೆದಿದ್ದಕ್ಕಾ?”

ಹುಟ್ಟಿನಿಂದಲೇ ಹಾಗಿತ್ತೋ, ನೀರು ಹೊಕ್ಕು ಹಾಗಾಯಿತೋ, ಹೇಳಬಲ್ಲವರು ಯಾರೂ ಇರಲಿಲ್ಲ. ಇವರು ಒಂದು ಗಳಿಗೆ ಆ ಹಸಿರನ್ನೇ ನೋಡಿದರು.

“ಇಲ್ರಿ ಅಮ್ಮಾ. ಇದರ ಆಕಾಶ ಹಿಂಗ ಇರೂದು.”

ಬೈರಮ್ಮ ಉಸಿರು ಬಿಟ್ಟರು. “ಅಯ್ಯಪ್ಪಾ, ಈಗ ಜೀವ ಬಂತು! ಹಂಗಾದ್ರೆ ಬರೋ ವರ್ಷ ಕಪಾಟಲ್ಲಿರೋದನ್ನೆಲ್ಲಾ ಕೊಡು, ಒಟ್ಟಿಗೇ ತೊಳೆದುಬಿಡ್ತೀನಿ.”

ಇವರು ನನ್ನ ಕಡೆ ನೋಡಿದರು. ನಾನು ಮೆಲ್ಲಗೆ ಎದ್ದು ಕಪಾಟಿಗೆ ಬೀಗ ಹಾಕಿ, ಮೂವರಿಗೂ ಚಹಾಕ್ಕೆ ಇಟ್ಟೆ.